ಗಣಕದ ಕಡತ ಏಕೆ ತಡಮಾಡುತ್ತದೆ?

ಬ್ಯಾಂಕಿನ ಕಿಟಕಿಯ ಮುಂದಾಗಲಿ, ರೈಲು ನಿಲ್ದಾಣದಲ್ಲಿ ಟಿಕೆಟು ಕಾದಿರಿಸುವ ಕಡೆಯಲ್ಲಾಗಲಿ, ನಾಡಕಚೇರಿಯಲ್ಲಾಗಲಿ ಸರತಿಯಲ್ಲಿ ನಿಂತವರಿಗೆ "ಸರ್ವರ್ ಸ್ಲೋ ಇದೆ, ಸ್ವಲ್ಪ ಕಾಯಿರಿ" ಎಂಬ ಮಾತು ಹೊಸದಲ್ಲ. ಮಳೆ ತಡವಾಯಿತೆಂಬ ಸುದ್ದಿಯನ್ನು ಕೇಳುವಂತೆಯೇ ನಾವು ಇದನ್ನೂ ಕೇಳಿ ಸುಮ್ಮನಾಗುತ್ತೇವೆ. ಆದರೆ ಯಂತ್ರದ ಮಂದಗತಿ ದೈವಾಧೀನವಾದುದಲ್ಲ. ಅದಕ್ಕೆ ಕಾರಣಗಳಿವೆ, ಆ ಕಾರಣಗಳನ್ನು ಅಳೆದು ಗುರುತಿಸುವ ಉಪಾಯಗಳೂ ಇವೆ. ಆ ಉಪಾಯಗಳ ಸ್ವರೂಪವನ್ನು ಇಲ್ಲಿ ವಿಚಾರಮಾಡೋಣ.

ಇತರ ಗಣಕಗಳು ಕೇಳಿದುದನ್ನು ಒದಗಿಸಿಕೊಡುವ ಗಣಕಕ್ಕೆ ಸರ್ವರ್ ಎಂದು ಹೆಸರು. ಅದರೊಳಗೆ ಅಸಂಖ್ಯ ದಾಖಲೆಗಳನ್ನು ಕ್ರಮಬದ್ಧವಾಗಿ ಕೂಡಿಟ್ಟಿದ್ದರೆ ಆ ಸಂಗ್ರಹವೇ ಡೇಟಾಬೇಸ್, ಅಂದರೆ ದತ್ತಸಂಚಯ. ದಾಖಲೆಗಳು ಸಾಮಾನ್ಯವಾಗಿ ಕೋಷ್ಟಕಗಳ ರೂಪದಲ್ಲಿರುತ್ತವೆ. ಕೋಷ್ಟಕದ ಒಂದೊಂದು ಸಾಲೂ ಒಂದೊಂದು ದಾಖಲೆ. ಈ ಸಂಗ್ರಹದಿಂದ ಬೇಕಾದುದನ್ನು ಕೇಳುವ ವಾಕ್ಯವನ್ನು ಗಣಕತಜ್ಞರು ಕ್ವೆರಿ ಎನ್ನುತ್ತಾರೆ. ನಾವು ಅದನ್ನು ಪ್ರಶ್ನೆಯೆಂದೇ ಕರೆಯೋಣ.

ಪ್ರಶ್ನೆಯೂ ದಾರಿಯೂ

ಒಂದು ಕಾಲದಲ್ಲಿ ದತ್ತಸಂಚಯದಿಂದ ಏನನ್ನಾದರೂ ಪಡೆಯಬೇಕಾದರೆ, ಬೇಕಾದುದು ಏನೆಂಬುದರ ಜೊತೆಗೆ ಅದನ್ನು ಯಾವ ದಾರಿಯಲ್ಲಿ ಹೋಗಿ ತರಬೇಕೆಂಬುದನ್ನೂ ಪ್ರೋಗ್ರಾಂ ಬರೆಯುವವರೇ ವಿಧಿಸಬೇಕಾಗಿತ್ತು. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬವರು ಪ್ರಕಟಿಸಿದ ಒಂದು ಪ್ರಬಂಧ ಈ ಪದ್ಧತಿಯನ್ನು ಬುಡದಿಂದಲೇ ಬದಲಿಸಿತು. ಏನು ಬೇಕೆಂದು ಹೇಳುವುದು ಮನುಷ್ಯನ ಕೆಲಸ. ಅದನ್ನು ಹೇಗೆ ತರಬೇಕೆಂದು ಯೋಚಿಸುವುದು ಯಂತ್ರದ ಕೆಲಸ ಎಂಬುದೇ ಅದರಿಂದ ಬೆಳೆದು ಬಂದ ಹೊಸ ವ್ಯವಸ್ಥೆಯ ಸಾರ. 1979ರಲ್ಲಿ ಅದೇ ಸಂಸ್ಥೆಯ ಪ್ಯಾಟ್ರಿಷಿಯಾ ಸೆಲಿಂಜರ್ ಮತ್ತು ಅವರ ಸಂಗಡಿಗರು, ಸಾಧ್ಯವಿರುವ ದಾರಿಗಳ ವೆಚ್ಚವನ್ನು ಮೊದಲೇ ಅಂದಾಜುಮಾಡಿ ಅವುಗಳಲ್ಲಿ ಅಗ್ಗವಾದುದನ್ನು ಆರಿಸುವ ಕ್ರಮವನ್ನು ವಿವರಿಸಿದರು. ಇಂದಿನ ಪ್ರಮುಖ ದತ್ತಸಂಚಯಗಳಲ್ಲೆಲ್ಲ ಈ ಕೆಲಸಕ್ಕೆಂದೇ ಮೀಸಲಾದ ಒಂದು ಭಾಗವಿರುತ್ತದೆ. ಅದನ್ನು ಯೋಜಕವೆನ್ನೋಣ.

ಈ ಅನುಕೂಲಕ್ಕೆ ಒಂದು ಬೆಲೆಯೂ ಉಂಟು. ದಾರಿ ನಮ್ಮ ಕಣ್ಣಿಗೆ ಮರೆಯಾಯಿತು. ಯೋಜಕವು ಹತ್ತಿರದ ದಾರಿಯನ್ನು ಹಿಡಿದರೂ ಉತ್ತರ ಅದೇ. ಊರೆಲ್ಲ ಸುತ್ತಿ ಬಂದರೂ ಉತ್ತರ ಅದೇ. ತಪ್ಪು ಉತ್ತರ ಕೊಡುವ ಯಂತ್ರವನ್ನು ಜನರು ಅಂದೇ ದೂರುತ್ತಾರೆ. ಸರಿಯಾದ ಉತ್ತರವನ್ನು ತಡವಾಗಿ ಕೊಡುವ ಯಂತ್ರವನ್ನು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಮಂದಗತಿಯೆಂಬುದು ಸರಿಯುತ್ತರದ ಮರೆಯಲ್ಲಿ ಅವಿತಿರುವ ದೋಷ. ಆದಕಾರಣ ಅದು ತಾನಾಗಿ ಬೆಳಕಿಗೆ ಬರುವುದಿಲ್ಲ; ಬುದ್ಧಿಪೂರ್ವಕವಾಗಿ ಅಳೆದೇ ಅದನ್ನು ಹೊರಗೆಳೆಯಬೇಕು.

ಇಪ್ಪತ್ತು ಸೆಕೆಂಡು ಎಲ್ಲಿಂದ ಬಂತು?

ಹಿಂದಿನ ಕಾಲದಲ್ಲಿ ಶ್ಯಾನುಭೋಗರ ಬಳಿ ಇರುತ್ತಿದ್ದ ಪಹಣಿ ಪುಸ್ತಕವನ್ನು ನೆನೆಯೋಣ. ಅದರಲ್ಲಿ ಜಮೀನುಗಳನ್ನು ಸರ್ವೆ ನಂಬರಿನ ಕ್ರಮದಲ್ಲಿ ಬರೆದಿಟ್ಟಿರುತ್ತಿದ್ದರು. "ಸರ್ವೆ ನಂಬರು 112 ಯಾರದು?" ಎಂದು ಕೇಳಿದರೆ ಪುಟ ತೆರೆದು ಕೂಡಲೇ ಹೇಳಬಹುದಾಗಿತ್ತು. ಆದರೆ "ಈ ಹೆಸರಿನವರಿಗೆ ಊರಿನಲ್ಲಿ ಎಲ್ಲೆಲ್ಲಿ ಜಮೀನಿದೆ?" ಎಂದು ಕೇಳಿದರೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದದೆ ಗತ್ಯಂತರವಿರಲಿಲ್ಲ. ಪುಸ್ತಕ ಒಂದೇ, ಓದುವವರೂ ಒಬ್ಬರೇ. ಪ್ರಶ್ನೆ ಬದಲಾದುದರಿಂದ ಶ್ರಮ ನೂರ್ಮಡಿಯಾಯಿತು. ಗಣಕದ ಕೋಷ್ಟಕಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಕರ್ನಾಟಕದ 'ಭೂಮಿ' ಯೋಜನೆಯಲ್ಲಿ, 2000ದ ಆಸುಪಾಸಿನ ವರ್ಷಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳು ಗಣಕಕ್ಕೆ ಏರಿದುವು. ಆ ಯೋಜನೆಯ ಯಂತ್ರಗಳ ಒಳರಚನೆ ನಮ್ಮ ವಿಷಯವಲ್ಲ. ದಾಖಲೆಗಳ ಆ ಸಂಖ್ಯೆಯನ್ನು ಮಾತ್ರ ಎರವಲು ಪಡೆದು, ಲೆಕ್ಕಕ್ಕೆಂದು 2 ಕೋಟಿ ಸಾಲುಗಳ ಒಂದು ಕೋಷ್ಟಕವನ್ನು ಕಲ್ಪಿಸಿಕೊಳ್ಳೋಣ. ಒಂದು ಸಾಲಿಗೆ 200 ಬೈಟು ಸ್ಥಳ ಬೇಕೆಂದಿಟ್ಟುಕೊಂಡರೆ ಇಡೀ ಕೋಷ್ಟಕಕ್ಕೆ 400 ಕೋಟಿ ಬೈಟುಗಳಾಗುತ್ತವೆ. ಗಣಕವು ಡಿಸ್ಕಿನಿಂದ ಸಾಲುಗಳನ್ನು ಬಿಡಿಬಿಡಿಯಾಗಿ ತರುವುದಿಲ್ಲ, ಪುಟಪುಟವಾಗಿ ತರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ದತ್ತಸಂಚಯದಲ್ಲಿ ಒಂದು ಪುಟದ ಅಳತೆ ಸಾಮಾನ್ಯವಾಗಿ 8192 ಬೈಟು. ಅಂಥ ಒಂದು ಪುಟದಲ್ಲಿ ಹೆಚ್ಚುಕಡಮೆ 40 ಸಾಲುಗಳು ಹಿಡಿಸುತ್ತವೆ. ಹೀಗಾಗಿ ನಮ್ಮ ಕೋಷ್ಟಕ 5 ಲಕ್ಷ ಪುಟಗಳ ಒಂದು ಮಹಾಗ್ರಂಥ.

ಹೆಸರನ್ನು ಹಿಡಿದು ಹುಡುಕುವ ಪ್ರಶ್ನೆಗೆ ಈ 5 ಲಕ್ಷ ಪುಟಗಳನ್ನೂ ಓದಬೇಕು. ತಿರುಗುವ ತಟ್ಟೆಯ ಡಿಸ್ಕೊಂದು ಸೆಕೆಂಡಿಗೆ 20 ಕೋಟಿ ಬೈಟುಗಳನ್ನು ಸಾಲಾಗಿ ಓದಬಲ್ಲುದೆಂದು ಭಾವಿಸಿದರೆ, ಅದಕ್ಕೆ ಹಿಡಿಯುವ ಕಾಲ 20 ಸೆಕೆಂಡು.

ಗ್ರಾಮ ಮತ್ತು ಸರ್ವೆ ನಂಬರುಗಳನ್ನು ಹಿಡಿದು ಹುಡುಕುವ ಪ್ರಶ್ನೆಯ ಪಾಡು ಬೇರೆ. ಅದಕ್ಕೆ ಇಂಡೆಕ್ಸ್ ಎಂಬ ಸೂಚಿಯ ನೆರವಿದೆಯೆನ್ನೋಣ. ಬೋಯಿಂಗ್ ಸಂಸ್ಥೆಯ ಸಂಶೋಧಕರಾಗಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಇಂಥ ಸೂಚಿಗೆ ಒಂದು ಸೊಗಸಾದ ರಚನೆಯನ್ನು ರೂಪಿಸಿ 1972ರಲ್ಲಿ ಪ್ರಕಟಿಸಿದರು. ಇದು ತಲೆಕೆಳಗಾದ ಮರದಂತಿದೆ. ಸೂಚಿಯ ಒಂದು ಪುಟದಲ್ಲಿ 200 ನಮೂದುಗಳು ಹಿಡಿಯುತ್ತವೆಂದರೆ 2 ಕೋಟಿ ದಾಖಲೆಗಳಿಗೆ ಕೆಳಗಿನ ಅಂತಸ್ತಿನಲ್ಲಿ 1 ಲಕ್ಷ ಪುಟಗಳು ಬೇಕು, ಅವನ್ನು ತೋರಿಸಿಕೊಡುವ ಮೇಲಿನ ಅಂತಸ್ತಿಗೆ 500 ಪುಟಗಳು, ಅದರ ಮೇಲೆ 3, ತುದಿಯಲ್ಲಿ 1. ತುದಿಯಿಂದ ಇಳಿದರೆ ನಾಲ್ಕೇ ಹೆಜ್ಜೆಗೆ ದಾಖಲೆಯ ಸ್ಥಾನ ತಿಳಿಯುತ್ತದೆ. ಐದನೆಯ ಹೆಜ್ಜೆಗೆ ದಾಖಲೆಯೇ ಕೈಸೇರುತ್ತದೆ. ಡಿಸ್ಕಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿದು ಒಂದು ಪುಟವನ್ನು ತರಲು ಸೆಕೆಂಡಿನ ನೂರನೆಯ ಒಂದು ಪಾಲು ಸಾಕೆಂದರೆ, ಒಟ್ಟು ಕಾಲ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು. ಮೊದಲಿನ ಪ್ರಶ್ನೆಗೆ ಇದರ ನಾನೂರು ಪಟ್ಟು ಕಾಲ ಹಿಡಿದಿತ್ತು!

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪ್ರೋಗ್ರಾಂ ಬರೆಯುವವರು ಅದನ್ನು ಪರೀಕ್ಷಿಸುವಾಗ ಸಾವಿರ ಸಾಲುಗಳ ಚಿಕ್ಕ ಕೋಷ್ಟಕವನ್ನು ಬಳಸಿದ್ದರೆ ಅದು 25 ಪುಟಗಳಲ್ಲಿ ಮುಗಿಯುತ್ತದೆ. ಸೂಚಿಯಿದ್ದರೂ ಇಲ್ಲದಿದ್ದರೂ ಉತ್ತರ ಕಣ್ಣೆವೆಯಿಕ್ಕುವುದರೊಳಗೆ ಬರುತ್ತದೆ. ದೋಷ ಅಂದೇ ಇತ್ತು, ಕಾಣಲಿಲ್ಲ, ಅಷ್ಟೆ. ದಾಖಲೆಗಳು ಬೆಳೆದಂತೆ ಅದೂ ಬೆಳೆಯುತ್ತದೆ.

ತಡವಾದವುಗಳ ಪಟ್ಟಿ

ದೋಷವನ್ನು ಕಂಡುಹಿಡಿಯಲು ಎಲ್ಲಕ್ಕಿಂತ ಸರಳವಾದ ಸಾಧನ ಒಂದು ಪಟ್ಟಿ. ಶಾಲೆಯ ಬಾಗಿಲಲ್ಲಿ ನಿಂತು, ಗಂಟೆ ಹೊಡೆದ ಮೇಲೆ ಬಂದವರ ಹೆಸರನ್ನು ಮಾತ್ರ ಬರೆದುಕೊಳ್ಳುವ ಕ್ರಮವಿದೆಯಲ್ಲವೆ? ದತ್ತಸಂಚಯವೂ ಹಾಗೆಯೇ ಒಂದು ಗಡುವನ್ನು ಇಟ್ಟುಕೊಂಡು, ಅದನ್ನು ಮೀರಿದ ಪ್ರಶ್ನೆಗಳನ್ನು ಒಂದು ಕಡತದಲ್ಲಿ ನಮೂದಿಸಬಲ್ಲುದು. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ಈ ಕಡತಕ್ಕೆ 'ಸ್ಲೋ ಕ್ವೆರಿ ಲಾಗ್' ಎಂಬ ಹೆಸರೇ ಇದೆ. ನಾವಾಗಿ ಬದಲಿಸದಿದ್ದರೆ ಅದರ ಗಡುವು 10 ಸೆಕೆಂಡು. ಬರೆಯುವ ಕೆಲಸವೂ ಮೊದಲಿಗೆ ನಿಂತೇ ಇರುತ್ತದೆ. ಆಡಳಿತಗಾರರೇ ಅದನ್ನು ಆರಂಭಿಸಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿಯೂ ಇಂಥದೇ ಏರ್ಪಾಡಿದ್ದು, ಅಲ್ಲಿ ಗಡುವನ್ನು ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಹೇಳುತ್ತಾರೆ. ಅದೂ ನಾವು ಕೇಳಿಕೊಂಡ ಹೊರತು ಏನನ್ನೂ ಬರೆಯುವುದಿಲ್ಲ.

ಮೈಎಸ್‌ಕ್ಯೂಎಲ್‌ನ ಪಟ್ಟಿಯಲ್ಲಿ ಪ್ರಶ್ನೆಯ ಜೊತೆಗೆ ಅದಕ್ಕೆ ಹಿಡಿದ ಕಾಲ, ಪರಿಶೀಲಿಸಿದ ಸಾಲುಗಳ ಸಂಖ್ಯೆ, ಉತ್ತರವಾಗಿ ಕಳುಹಿಸಿದ ಸಾಲುಗಳ ಸಂಖ್ಯೆ ಇವೂ ಇರುತ್ತವೆ. ಈ ಕೊನೆಯ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬಹಳಷ್ಟು ತಿಳಿಯುತ್ತದೆ. 2 ಕೋಟಿ ಸಾಲುಗಳನ್ನು ಪರಿಶೀಲಿಸಿ 6 ಸಾಲುಗಳನ್ನು ಕೊಟ್ಟ ಪ್ರಶ್ನೆಯೆಂದರೆ, ಒಂದು ಸೂಜಿಗಾಗಿ ಇಡೀ ಬಣವೆಯನ್ನು ಕೆದಕಿದಂತೆ.

ಈ ಪಟ್ಟಿಗೆ ಒಂದು ಮಿತಿಯುಂಟು. ಪ್ರಶ್ನೆ ಮುಗಿದ ಮೇಲೆಯೇ ಅದಕ್ಕೆ ಹಿಡಿದ ಕಾಲ ತಿಳಿಯುವುದು; ಆದುದರಿಂದ ಮುಗಿದ ಪ್ರಶ್ನೆಗಳಷ್ಟೇ ಅದರಲ್ಲಿ ಬರುತ್ತವೆ. ಅರ್ಧ ಗಂಟೆಯಿಂದ ಇನ್ನೂ ಓಡುತ್ತಲೇ ಇರುವ ಪ್ರಶ್ನೆಯ ಹೆಸರು ಅದರಲ್ಲಿರುವುದಿಲ್ಲ. ಆದಕಾರಣ ಈ ಗಳಿಗೆಯಲ್ಲಿ ಯಾವ ಯಾವ ಪ್ರಶ್ನೆಗಳು ನಡೆಯುತ್ತಿವೆ, ಎಷ್ಟು ಹೊತ್ತಿನಿಂದ ನಡೆಯುತ್ತಿವೆ ಎಂಬುದನ್ನು ತೋರಿಸುವ ಇನ್ನೊಂದು ನೋಟವೂ ಬೇಕಾಗುತ್ತದೆ. ಮೇಲೆ ಹೇಳಿದ ಎರಡು ದತ್ತಸಂಚಯಗಳಲ್ಲಿಯೂ ಅದಕ್ಕೆ ಅವಕಾಶವಿದೆ.

ಒಂದು ದೊಡ್ಡದೋ, ಲಕ್ಷ ಚಿಕ್ಕವೋ?

ಪಟ್ಟಿಯನ್ನು ಕೈಗೆತ್ತಿಕೊಂಡವರು ಸಹಜವಾಗಿ ಅತ್ಯಂತ ದೀರ್ಘಕಾಲ ಹಿಡಿದ ಪ್ರಶ್ನೆಯನ್ನೇ ಮೊದಲ ಅಪರಾಧಿಯೆಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ಎಷ್ಟು ಮೋಸಗೊಳಿಸಬಲ್ಲುದೆಂಬುದನ್ನು ಲೆಕ್ಕಹಾಕಿ ನೋಡೋಣ.

ನಮ್ಮ ಕೋಷ್ಟಕದಲ್ಲಿ ಹೆಸರನ್ನು ಹಿಡಿದು ಹುಡುಕುವ 20 ಸೆಕೆಂಡಿನ ಪ್ರಶ್ನೆಯನ್ನು ದಿನಕ್ಕೆ 50 ಸಲ ಕೇಳುತ್ತಾರೆನ್ನೋಣ. ಒಟ್ಟು 1000 ಸೆಕೆಂಡು. ಹದಿನೇಳು ನಿಮಿಷಕ್ಕೂ ಕಡಮೆ. ಸರ್ವೆ ನಂಬರನ್ನು ಹಿಡಿದು ಹುಡುಕುವ ಪ್ರಶ್ನೆಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಮಾತ್ರ ಸಾಕು. ಆದರೆ ಅದನ್ನು ದಿನಕ್ಕೆ 2 ಲಕ್ಷ ಸಲ ಕೇಳುತ್ತಾರೆ. ಒಟ್ಟು 10,000 ಸೆಕೆಂಡು, ಅಂದರೆ ಎರಡೂ ಮುಕ್ಕಾಲು ಗಂಟೆಗೂ ಮಿಗಿಲು! ಕಚೇರಿಯ ಎಂಟು ಗಂಟೆಗಳ ಕೆಲಸದ ಅವಧಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಈ 'ಚುರುಕಾದ' ಪ್ರಶ್ನೆಯೇ ನುಂಗಿತು. ಒಂದು ಸೆಕೆಂಡಿನ ಗಡುವಿಟ್ಟು ಕಾದು ಕುಳಿತವರಿಗೆ ಅದು ಒಮ್ಮೆಯೂ ಸಿಕ್ಕಿಬೀಳುವುದಿಲ್ಲ.

ಇಂಥ ಚಿಕ್ಕ ಪ್ರಶ್ನೆಗಳ ಮಹಾಪೂರಕ್ಕೆ ಎಷ್ಟೋ ವೇಳೆ ಪ್ರೋಗ್ರಾಂ ಬರೆದ ಬಗೆಯೇ ಕಾರಣ. ಒಂದು ಗ್ರಾಮದ 500 ದಾಖಲೆಗಳು ಬೇಕಾದಾಗ ಗ್ರಾಮದ ಹೆಸರು ಹೇಳಿ ಒಂದೇ ಪ್ರಶ್ನೆಯಲ್ಲಿ ತರಿಸಿಕೊಳ್ಳಬಹುದು. ಅದನ್ನು ಬಿಟ್ಟು ಒಂದೊಂದು ದಾಖಲೆಗೂ ಒಂದೊಂದು ಪ್ರಶ್ನೆ ಕಳುಹಿಸುವುದು, ಸಂತೆಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಮೆಣಸಿನಕಾಯಿ ತಂದು, ಮತ್ತೊಮ್ಮೆ ಹೋಗಿ ಹುಣಿಸೆಹಣ್ಣು ತಂದಂತೆ. ಒಂದೊಂದು ಪಯಣವೂ ಚಿಕ್ಕದೇ; ದಿನ ಕಳೆದುಹೋಗುತ್ತದೆ.

ಆದುದರಿಂದ ಬಿಡಿ ಪ್ರಶ್ನೆಯ ಕಾಲವನ್ನಷ್ಟೇ ನೋಡದೆ, ಒಂದೇ ಬಗೆಯ ಪ್ರಶ್ನೆಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕವಿಡಬೇಕು. ಹೆಸರು ಮತ್ತು ನಂಬರುಗಳ ಬದಲಿಗೆ ಖಾಲಿ ಗುರುತನ್ನಿಟ್ಟರೆ, ಸರ್ವೆ ನಂಬರು 112ರ ಪ್ರಶ್ನೆಯೂ 113ರ ಪ್ರಶ್ನೆಯೂ ಒಂದೇ ಅಚ್ಚಿನವೆಂದು ತಿಳಿಯುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದಕ್ಕೆಂದೇ ಇರುವ ಒಂದು ಜೋಡಣೆಯು, ಪ್ರತಿಯೊಂದು ಅಚ್ಚಿನ ಪ್ರಶ್ನೆ ಎಷ್ಟು ಸಲ ಬಂತು, ಒಟ್ಟು ಎಷ್ಟು ಕಾಲ ಹಿಡಿಯಿತು, ಕನಿಷ್ಠ ಗರಿಷ್ಠಗಳೇನು ಎಂಬ ಲೆಕ್ಕವನ್ನು ಇಟ್ಟುಕೊಡುತ್ತದೆ. ಒಟ್ಟು ಕಾಲದ ಇಳಿಕೆಯ ಕ್ರಮದಲ್ಲಿ ಇದನ್ನು ಜೋಡಿಸಿದಾಗ ನಿಜವಾದ ಹೊರೆ ಯಾವುದೆಂಬುದು ಮೇಲೆ ತೇಲಿಬರುತ್ತದೆ.

ಸರಾಸರಿಯೆಂಬ ಅಂಕೆಯನ್ನು ಮಾತ್ರ ಎಚ್ಚರದಿಂದ ಬಳಸಬೇಕು. ನೂರು ಪ್ರಶ್ನೆಗಳಲ್ಲಿ 99ಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲು, ಉಳಿದ ಒಂದಕ್ಕೆ 10 ಸೆಕೆಂಡು ಹಿಡಿಯಿತೆನ್ನಿ. ಸರಾಸರಿ ಸುಮಾರು ಸೆಕೆಂಡಿನ ಒಂಬತ್ತನೆಯ ಒಂದು ಪಾಲು. ಈ ಸರಾಸರಿಯಷ್ಟು ಕಾಲ ಕಾದವರು ಒಬ್ಬರೂ ಇಲ್ಲ! ತೊಂಬತ್ತೊಂಬತ್ತು ಮಂದಿ ಅದಕ್ಕಿಂತ ಬಹಳ ಬೇಗ ಹೊರಟರು. ನೂರನೆಯವರು ಹತ್ತು ಸೆಕೆಂಡು ನಿಂತರು. ಅವರ ಕಷ್ಟ ಸರಾಸರಿಯಲ್ಲಿ ಕರಗಿ ಕಾಣದಾಯಿತು. ಈ ಕಾರಣದಿಂದಲೇ ತಜ್ಞರು ನೂರಕ್ಕೆ 95 ಮಂದಿಗೆ ಎಷ್ಟರೊಳಗೆ ಉತ್ತರ ಸಿಕ್ಕಿತು, 99 ಮಂದಿಗೆ ಎಷ್ಟರೊಳಗೆ ಸಿಕ್ಕಿತು ಎಂದು ವಿಚಾರಿಸುತ್ತಾರೆ.

ದುಡಿಮೆಯೋ, ಕಾಯುವಿಕೆಯೋ?

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಪ್ರಶ್ನೆಯೇ ಅಪರಾಧಿಯಲ್ಲ. ಅದು ಇನ್ನೊಂದರ ಕಾಟಕ್ಕೆ ಸಿಕ್ಕಿದ ನಿರಪರಾಧಿಯೂ ಆಗಿರಬಹುದು. ಜಮೀನಿನ ಖಾತೆ ಬದಲಾಯಿಸುವಾಗ, ಇಬ್ಬರು ಏಕಕಾಲಕ್ಕೆ ಒಂದೇ ದಾಖಲೆಯನ್ನು ತಿದ್ದಿ ಕೆಡಿಸದಂತೆ ದತ್ತಸಂಚಯವು ಆ ಸಾಲಿಗೆ ತಾತ್ಕಾಲಿಕವಾಗಿ ಬೀಗ ಹಾಕುತ್ತದೆ. ತಿದ್ದುಪಡಿಯನ್ನು ಆರಂಭಿಸಿದ ಪ್ರೋಗ್ರಾಂ ಅದನ್ನು ಮುಗಿಸದೆ ನಡುವೆ ಸುಮ್ಮನೆ ನಿಂತರೆ, ಬೀಗವೂ ಹಾಗೆಯೇ ಉಳಿಯುತ್ತದೆ. ಅದೇ ಸಾಲನ್ನು ತಿದ್ದಬೇಕಾದ ಮುಂದಿನ ಪ್ರಶ್ನೆ ಬಾಗಿಲಲ್ಲಿ ಕಾಯುತ್ತದೆ. ಅದು ಪರಿಶೀಲಿಸಬೇಕಾದುದು ಒಂದೇ ಸಾಲು, ಹಿಡಿದ ಕಾಲ ಮಾತ್ರ ಅರ್ಧ ನಿಮಿಷ! ದುಡಿಮೆ ಅಲ್ಪ, ಕಾಲ ಅಧಿಕ ಎಂದು ಕಂಡಲ್ಲಿ ಕಾರಣವನ್ನು ಆ ಪ್ರಶ್ನೆಯಲ್ಲಿ ಹುಡುಕದೆ ಬೀಗ ಹಿಡಿದುಕೊಂಡವರಲ್ಲಿ ಹುಡುಕಬೇಕು.

ಬೀಗವಿಲ್ಲದೆಯೂ ಕಾಯುವಿಕೆ ಉಂಟಾಗುತ್ತದೆ. ಡಿಸ್ಕು 20 ಸೆಕೆಂಡು ಒಂದೇ ಪ್ರಶ್ನೆಯ ಸೇವೆಯಲ್ಲಿ ತೊಡಗಿದ್ದರೆ ಅಷ್ಟು ಹೊತ್ತು ಉಳಿದ ಪ್ರಶ್ನೆಗಳೆಲ್ಲ ಕುಂಟುತ್ತವೆ. ಇಂಥ ಸರತಿಗಳ ಗಣಿತಕ್ಕೆ ಅಡಿಪಾಯ ಹಾಕಿದವರು ಡೆನ್ಮಾರ್ಕಿನ ಎರ್ಲಾಂಗ್. ದೂರವಾಣಿ ಕರೆಗಳನ್ನು ಕುರಿತು 1909ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಈ ಶಾಸ್ತ್ರ ಬೆಳೆಯಿತು. ಒಂದೇ ಕಿಟಕಿಯಿದ್ದು, ಜನರು ಗೊತ್ತುಗುರಿಯಿಲ್ಲದೆ ಬರುತ್ತಿದ್ದರೆ, ಮತ್ತು ಒಬ್ಬೊಬ್ಬರ ಕೆಲಸಕ್ಕೆ ಹಿಡಿಯುವ ಕಾಲವೂ ಹಾಗೆಯೇ ಏರಿಳಿಯುತ್ತಿದ್ದರೆ, ಆ ಗಣಿತ ಹೇಳುವುದು ಇದು: ಕಿಟಕಿಯು ತನ್ನ ಕಾಲದ ನೂರಕ್ಕೆ 50 ಪಾಲು ದುಡಿಯುತ್ತಿದ್ದರೆ, ಬಂದವರು ಕೆಲಸ ಮುಗಿಸಿಕೊಂಡು ಹೊರಡಲು ನಿಜವಾದ ಕೆಲಸದ ಎರಡು ಪಟ್ಟು ಕಾಲ ಬೇಕು; 80 ಪಾಲಾದರೆ ಐದು ಪಟ್ಟು; 90 ಆದರೆ ಹತ್ತು ಪಟ್ಟು; 95 ಆದರೆ ಇಪ್ಪತ್ತು ಪಟ್ಟು. ಕೊನೆಯ ಐದೇ ಪಾಲಿನ ಹೆಚ್ಚಳಕ್ಕೆ ಕಾಯುವ ಕಾಲ ಇಮ್ಮಡಿಯಾಯಿತು! ನಿನ್ನೆಯವರೆಗೆ ಚೆನ್ನಾಗಿದ್ದ ಸರ್ವರ್ ಇಂದು ಇದ್ದಕ್ಕಿದ್ದಂತೆ ಕುಸಿಯುವುದರ ಗುಟ್ಟು ಇಲ್ಲಿದೆ. ಹೊರೆಯ ಮೇಲೆ ಮೊದಲಿನಿಂದ ಕಣ್ಣಿಟ್ಟವರಿಗೆ ಆ ಕುಸಿತ ಹಠಾತ್ತಾಗಿ ತೋರುವುದಿಲ್ಲ.

ಪರಿಹಾರವೂ ಅದರ ಬೆಲೆಯೂ

ಅಪರಾಧಿ ಸಿಕ್ಕಿದ ಮೇಲೆ ಅದು ಹಿಡಿದ ದಾರಿಯನ್ನು ಪರೀಕ್ಷಿಸಬೇಕು. ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್' ಎಂಬ ಪದವನ್ನು ಸೇರಿಸಿದರೆ, ಯೋಜಕವು ತಾನು ಆರಿಸಿದ ದಾರಿಯನ್ನು ಬಿಡಿಸಿ ಹೇಳುತ್ತದೆ. ಅದಕ್ಕೆ 'ಅನಲೈಸ್' ಎಂಬ ಪದವನ್ನೂ ಕೂಡಿಸಿದರೆ ಪ್ರಶ್ನೆಯನ್ನು ನಿಜವಾಗಿಯೇ ನಡೆಸಿ, ಅಂದಾಜಿನ ಪಕ್ಕದಲ್ಲಿ ವಾಸ್ತವವನ್ನೂ ತೋರಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಅಳಿಸುವ ಆಜ್ಞೆಯ ಮುಂದೆ ಇವೆರಡನ್ನೂ ಇಟ್ಟರೆ ದಾಖಲೆಗಳು ನಿಜವಾಗಿಯೇ ಅಳಿಸಿಹೋಗುತ್ತವೆ ಎಂಬ ಎಚ್ಚರವಿರಬೇಕು. ಯೋಜಕವು 10 ಸಾಲುಗಳೆಂದು ಅಂದಾಜುಮಾಡಿದ ಕಡೆ 10 ಲಕ್ಷ ಸಾಲುಗಳು ಬಂದಿದ್ದರೆ, ಅದರ ಬಳಿ ಇರುವ ಅಂಕಿಅಂಶಗಳು ಹಳತಾಗಿವೆಯೇ ಎಂದು ಮೊದಲು ನೋಡಬೇಕು. ಅವನ್ನು ಹೊಸದಾಗಿ ಸಂಗ್ರಹಿಸಿದರೆ ಎಷ್ಟೋ ವೇಳೆ ದಾರಿ ತಾನಾಗಿ ಸರಿಹೋಗುತ್ತದೆ.

ಹೆಸರಿನ ಅಂಕಣಕ್ಕೂ ಒಂದು ಸೂಚಿಯನ್ನು ಕಟ್ಟಿದರೆ ನಮ್ಮ 20 ಸೆಕೆಂಡಿನ ಪ್ರಶ್ನೆ ಕ್ಷಣಾರ್ಧಕ್ಕೆ ಇಳಿಯಬಹುದು. ಹಾಗಾದರೆ ಎಲ್ಲ ಅಂಕಣಗಳಿಗೂ ಸೂಚಿ ಕಟ್ಟಿಬಿಡಬಾರದೇಕೆ? ಒಂದು ದಾಖಲೆ ಹೊಸದಾಗಿ ಸೇರಿದಾಗ ಪ್ರತಿಯೊಂದು ಸೂಚಿಯಲ್ಲಿಯೂ ಒಂದೊಂದು ನಮೂದನ್ನು ಸೇರಿಸಬೇಕು. ಸೂಚಿಗಳು ಹೆಚ್ಚಿದಷ್ಟೂ ಬರೆಯುವ ಕೆಲಸ ಭಾರವಾಗುತ್ತದೆ. ಓದುವವರ ಲಾಭವನ್ನು ಬರೆಯುವವರು ತೆರಬೇಕಾಗುತ್ತದೆ.

ಸೂಚಿಯಿದ್ದರೂ ಅದು ಕೆಲಸಕ್ಕೆ ಬಾರದ ಪ್ರಶ್ನೆಗಳುಂಟು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ 'ರಾಮ' ಎಂದು ಮೊದಲಾಗುವ ಹೆಸರುಗಳು ಒಂದೆಡೆ ಸಿಕ್ಕುತ್ತವೆ; 'ಗೌಡ' ಎಂದು ಕೊನೆಯಾಗುವ ಹೆಸರುಗಳು ಪಟ್ಟಿಯ ಉದ್ದಕ್ಕೂ ಚದುರಿರುತ್ತವೆ. ಎರಡನೆಯದನ್ನು ಕೇಳಿದರೆ ಇಡೀ ಪಟ್ಟಿಯನ್ನು ಓದಲೇಬೇಕು. ಅಲ್ಲದೆ, ಇಡೀ ಕೋಷ್ಟಕವನ್ನು ಓದುವುದು ಯಾವಾಗಲೂ ದೋಷವೆಂದೂ ತಿಳಿಯಬಾರದು. ಕೋಷ್ಟಕದ ಅರ್ಧ ಭಾಗವೇ ಬೇಕಾದಾಗ, ಸೂಚಿಯನ್ನು ನೋಡಿನೋಡಿ ಒಂದು ಕೋಟಿ ಸಲ ಡಿಸ್ಕಿನಲ್ಲಿ ಜಿಗಿದರೆ 1 ಲಕ್ಷ ಸೆಕೆಂಡು, ಎಂದರೆ ಒಂದು ದಿನಕ್ಕೂ ಹೆಚ್ಚು ಕಾಲ ಹಿಡಿದೀತು. ಸಾಲಾಗಿ ಎಲ್ಲವನ್ನೂ ಓದಿದರೆ 20 ಸೆಕೆಂಡು ಸಾಕು. ಈಗಿನ ಫ್ಲ್ಯಾಶ್ ಡಿಸ್ಕುಗಳಲ್ಲಿ ಈ ಅಂತರ ಬಹಳ ಕಿರಿದಾಗಿದೆಯಾದರೂ ಪೂರ್ತಿ ಅಳಿದಿಲ್ಲ.

ಕಣ್ಗಾವಲಿಗೂ ಬೆಲೆಯುಂಟು. ಪ್ರತಿಯೊಂದು ಪ್ರಶ್ನೆಯನ್ನೂ ಬರೆದಿಡುವುದಾದರೆ ಆ ಬರವಣಿಗೆಯೇ ಸರ್ವರಿಗೆ ಹೊರೆಯಾದೀತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಅಗುಳು ಹಿಸುಕಿ ನೋಡುವಂತೆ, ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಆಯ್ದು ಬರೆಯುವ ಸೌಕರ್ಯವನ್ನು 2020ರಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 13ನೆಯ ಆವೃತ್ತಿ ಒದಗಿಸಿತು. ಇದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ತಡವಾದ ಪ್ರಶ್ನೆಯನ್ನು ಇದ್ದಂತೆಯೇ ಬರೆದುಕೊಂಡರೆ ಅದರಲ್ಲಿರುವ ಜನರ ಹೆಸರು, ದೂರವಾಣಿ ಸಂಖ್ಯೆಗಳೂ ಕಡತದಲ್ಲಿ ಉಳಿಯುತ್ತವೆ. ದತ್ತಸಂಚಯಕ್ಕೆ ಭದ್ರವಾದ ಕಾವಲಿಟ್ಟು, ಅದರ ದಿನಚರಿಯನ್ನು ಎಲ್ಲರ ಕೈಗೆ ಸಿಕ್ಕುವಂತೆ ಬಿಡುವುದು, ಪೆಟ್ಟಿಗೆಗೆ ಬೀಗ ಹಾಕಿ ಒಳಗಿನ ಕಾಗದಗಳ ಪ್ರತಿಯನ್ನು ಜಗಲಿಯ ಮೇಲಿಟ್ಟಂತಾಗುತ್ತದೆ.

ಒಟ್ಟಿನಲ್ಲಿ ಮೂರು ಮಾತುಗಳನ್ನು ನೆನಪಿನಲ್ಲಿಡಬಹುದು. ಉತ್ತರ ಸರಿಯಾಗಿದೆಯೆಂದ ಮಾತ್ರಕ್ಕೆ ದಾರಿ ಸರಿಯಾಗಿದೆಯೆಂದು ನಂಬಲಾಗದು, ಅಳೆಯಬೇಕು. ಅಳೆಯುವಾಗ ಒಂದು ಪ್ರಶ್ನೆಯ ಕಾಲವನ್ನಷ್ಟೇ ಅಲ್ಲ, ಅದು ಎಷ್ಟು ಸಲ ಬರುತ್ತದೆಂಬುದನ್ನೂ ನೋಡಬೇಕು. ಕಾಲ ಕಳೆದುದು ದುಡಿಮೆಯಲ್ಲೋ ಕಾಯುವಿಕೆಯಲ್ಲೋ ಎಂಬುದನ್ನು ಬೇರ್ಪಡಿಸಿಕೊಂಡು ಆಮೇಲೆ ಪರಿಹಾರಕ್ಕೆ ಕೈಹಾಕಬೇಕು. ಇಷ್ಟೆಲ್ಲ ಶ್ರಮ ಯಂತ್ರದ ಸುಖಕ್ಕಾಗಿ ಅಲ್ಲ. ದಿನಕ್ಕೆ 2 ಲಕ್ಷ ಸಲ ಬರುವ ಪ್ರಶ್ನೆಯಲ್ಲಿ, ಕೇಳುವವರೊಬ್ಬೊಬ್ಬರಿಗೆ ಒಂದೊಂದೇ ಸೆಕೆಂಡು ಉಳಿದರೂ, ಕೂಡಿಸಿ ನೋಡಿದರೆ ಪ್ರತಿದಿನ ಐವತ್ತೈದು ಗಂಟೆಗೂ ಮೀರಿದ ಕಾಲ ಜನರಿಗೆ ಹಿಂದಿರುಗುತ್ತದೆ.